ಪುಟ್ಟ ನಾಯಿಯ ತುರಿಕೆ: ಅಲರ್ಜಿ ಎನ್ನುವ ಮುನ್ನ

ಬಾಳೆಬರೆ ಘಾಟಿಯ ಬುಡದ ಸಿದ್ದಾಪುರ, ಹೊಸಂಗಡಿ, ಕಮಲಶಿಲೆ, ಶಂಕರನಾರಾಯಣದ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಕಳೆದರೂ ಪೂರ್ತಿ ಬಿಡುವುದಿಲ್ಲ. ಮನೆಯೊಳಗೆ ಸಾಕಿದ ಸಣ್ಣ ತಳಿಯ ನಾಯಿಗಳಿಗೆ ಇದು ತುರಿಕೆಯ ಕಾಲ. ಪಮೇರಿಯನ್, ಪಗ್, ಶಿಟ್ಜು, ಡ್ಯಾಶ್‌ಹಂಡ್ ಯಾವುದೇ ಇರಲಿ, ಕಿವಿ ಕೆರೆಯುವುದು, ಕಾಲ್ಬೆರಳ ಸಂದು ನೆಕ್ಕುವುದು, ಗೋಡೆಗೆ ಬೆನ್ನು ಉಜ್ಜುವುದು ಶುರುವಾಗುತ್ತದೆ. ಇದನ್ನು ಕಂಡ ಕೂಡಲೇ ‘ಅಲರ್ಜಿ’ ಎಂಬ ತೀರ್ಮಾನ ಬರುತ್ತದೆ. ಅದರ ಬೆನ್ನಿಗೇ ಎರಡು ಕೆಲಸ ನಡೆಯುತ್ತವೆ: ಕೋಳಿಮಾಂಸ ನಿಲ್ಲಿಸುವುದು, ಪೇಟೆಗೆ ಹೋಗಿ ಒಂದು ಸೂಜಿ ಹಾಕಿಸುವುದು. ‘ಒಂದ್ ಇಂಜೆಕ್ಷನ್ ಕೊಡ್ಸಿರೆ ಸಾಕ್’ ಎನ್ನುವವರು ಪ್ರತಿ ಕೇರಿಯಲ್ಲೂ ಇದ್ದಾರೆ. ಸೂಜಿ ಹಾಕಿಸಿದ ಮೇಲೆ ಕೆಲವು ವಾರ ತುರಿಕೆ ನಿಲ್ಲುವುದೂ ನಿಜ. ಆಮೇಲೆ ಮತ್ತೆ ಬರುತ್ತದೆ, ಮೊದಲಿಗಿಂತ ಹೆಚ್ಚಾಗಿ ಬರುತ್ತದೆ. ತುರಿಕೆಗೆ ಕಾರಣಗಳು ಹಲವು. ಅವುಗಳಲ್ಲಿ ಅಲರ್ಜಿ ಎನ್ನುವುದು ಉಳಿದೆಲ್ಲ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಿದ ಮೇಲೆ ಉಳಿಯುವ ಹೆಸರು. ಅದನ್ನೇ ಮೊದಲು ಹಿಡಿದುಕೊಂಡರೆ ಗುಣವಾಗಬಹುದಾದ ಕಾಯಿಲೆಯೂ ಗುಣವಾಗದೆ ಉಳಿಯುತ್ತದೆ. ಮಳೆ, ಕಾಡು, ಹಟ್ಟಿ, ಅಡಿಕೆ ತೋಟ ಎಲ್ಲವೂ ಒಟ್ಟಿಗಿರುವ ಈ ಊರುಗಳಲ್ಲಂತೂ ಹುಡುಕಾಟದ ಸರದಿ ತಪ್ಪಿದರೆ ಹಣವೂ ಹೋಗುತ್ತದೆ, ನಾಯಿಯ ಚರ್ಮವೂ ಹೋಗುತ್ತದೆ.

ಸಣ್ಣ ನಾಯಿಗೆ ಈ ಮಾತು ಹೆಚ್ಚು ಅನ್ವಯಿಸಲು ಕಾರಣವಿದೆ. ಮನುಷ್ಯನ ಹೊರಚರ್ಮದಲ್ಲಿ ಹತ್ತು-ಹದಿನೈದು ಜೀವಕೋಶಗಳ ಪದರಗಳಿದ್ದರೆ ನಾಯಿಯದರಲ್ಲಿ ಮೂರರಿಂದ ಐದು ಮಾತ್ರ. ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ಅದರದ್ದು ಹೆಚ್ಚುಕಡಿಮೆ ತಟಸ್ಥ. ಆದ್ದರಿಂದ ನಮ್ಮ ಸೋಪು, ನಮ್ಮ ಶಾಂಪೂ ಅದರ ಮೈಗೆ ಹೊಂದುವುದಿಲ್ಲ. ನಾಲ್ಕು ಕಿಲೋ ತೂಗುವ ನಾಯಿಗೆ ತನ್ನ ತೂಕಕ್ಕೆ ಹೋಲಿಸಿದರೆ ದೊಡ್ಡ ನಾಯಿಗಿಂತ ಹೆಚ್ಚು ಚರ್ಮವಿದೆ. ಮೈಗೆ ಏನು ಬಳಿದರೂ ಅಷ್ಟೇ ಹೆಚ್ಚು ಒಳಗೆ ಇಳಿಯುತ್ತದೆ, ಮಿಕ್ಕಿದ್ದನ್ನು ಅದು ನೆಕ್ಕಿ ನುಂಗುತ್ತದೆ. ಹೊಟ್ಟೆ ನೆಲದಿಂದ ನಾಲ್ಕೈದು ಇಂಚು ಎತ್ತರದಲ್ಲಿರುವುದರಿಂದ ಅಂಗಳದ ಕೆಸರು, ಹುಲ್ಲು, ತೋಟದ ಹನಿ ಎಲ್ಲ ನೇರವಾಗಿ ತಾಗುತ್ತವೆ. ಪಗ್‌ನ ಮುಖದ ಮಡಿಕೆ, ಶಿಟ್ಜುವಿನ ಇಳಿಬಿದ್ದ ಕೂದಲು ತುಂಬಿದ ಕಿವಿ, ಪಮೇರಿಯನ್‌ನ ಎರಡು ಪದರದ ತುಪ್ಪಳ ಇವೆಲ್ಲ ಒಮ್ಮೆ ಒದ್ದೆಯಾದರೆ ಬೇಗ ಒಣಗುವುದಿಲ್ಲ. ಒಣ ಊರಿನ ನಾಯಿಯ ಚರ್ಮಶಾಸ್ತ್ರವನ್ನು ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಉಡುಪಿ ಜಿಲ್ಲೆಗೆ ಹಾಗೆಯೇ ತಂದುಕೊಳ್ಳಲು ಬರುವುದಿಲ್ಲ.

ಸರದಿಯಲ್ಲಿ ಮೊದಲನೆಯದು ಚಿಗಟ. ‘ನಮ್ಮ ನಾಯಿಗೆ ಚಿಗಟ ಇಲ್ಲ, ದಿನಾ ನೋಡುತ್ತೇವೆ’ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಆದರೆ ಒಂದು ಮನೆಯಲ್ಲಿರುವ ಒಟ್ಟು ಚಿಗಟಸಂತತಿಯಲ್ಲಿ ನಾಯಿಯ ಮೈಮೇಲೆ ಕುಣಿಯುವ ಬೆಳೆದ ಚಿಗಟದ ಪಾಲು ಸುಮಾರು ಶೇಕಡ 5. ಉಳಿದದ್ದು ಮೊಟ್ಟೆ, ಮರಿಹುಳ, ಗೂಡಿನ ರೂಪದಲ್ಲಿ ನಾಯಿ ಮಲಗುವ ಗೋಣಿಚೀಲದಲ್ಲಿ, ಸೋಫಾದ ಸಂದಿನಲ್ಲಿ, ಹಟ್ಟಿಯ ಬದಿಯ ಮಣ್ಣಿನಲ್ಲಿ ಇರುತ್ತದೆ. ಒಂದು ಹೆಣ್ಣು ಚಿಗಟ ದಿನಕ್ಕೆ ನಲವತ್ತು-ಐವತ್ತು ಮೊಟ್ಟೆ ಇಡಬಲ್ಲದು. ಗೂಡಿನೊಳಗಿನ ಹುಳ ಹೊರಬರದೆ ತಿಂಗಳುಗಟ್ಟಲೆ ಕಾಯಬಲ್ಲದು. ಇಲ್ಲಿನ ಬೆಚ್ಚನೆಯ, ತೇವದ ಹವೆಯಲ್ಲಿ ಅದಕ್ಕೆ ವರ್ಷದ ಯಾವ ತಿಂಗಳೂ ಬಿಡುವಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಚಿಗಟದ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ನೂರು ಚಿಗಟ ಬೇಕಾಗಿಲ್ಲ, ನಾಲ್ಕಾರು ಕಡಿತವೇ ದಿನಗಟ್ಟಲೆ ಕೆರೆಸುತ್ತದೆ. ಅಂಥ ನಾಯಿ ಕಚ್ಚಿ ಕಚ್ಚಿ, ನೆಕ್ಕಿ ನೆಕ್ಕಿ ಚಿಗಟವನ್ನು ತಾನೇ ನುಂಗಿಬಿಡುತ್ತದೆ, ನೋಡುವವರ ಕಣ್ಣಿಗೆ ಏನೂ ಸಿಗುವುದಿಲ್ಲ. ಆದ್ದರಿಂದ ಚಿಗಟಕ್ಕಿಂತ ಅದರ ಹಿಕ್ಕೆಯನ್ನು ಹುಡುಕುವುದು ಜಾಣತನ. ಬಾಲದ ಬುಡದಲ್ಲಿ, ಸೊಂಟದ ಮೇಲೆ, ಹಿಂದೊಡೆಯ ಒಳಭಾಗದಲ್ಲಿ ಹೇನುಬಾಚಣಿಗೆ ಆಡಿಸಿ. ಉದುರಿದ ಕರಿ ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಿ. ಬರೀ ಮಣ್ಣಾದರೆ ಮಣ್ಣಿನ ಬಣ್ಣವೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಕೆಂಗಂದು ಬಣ್ಣ ಹರಡುತ್ತದೆ, ಏಕೆಂದರೆ ಅದು ಜೀರ್ಣವಾದ ರಕ್ತ. ತುರಿಕೆಯ ಜಾಗವೂ ಒಂದು ಸಾಕ್ಷಿ: ಸೊಂಟ ಮತ್ತು ಬಾಲದ ಬುಡದಲ್ಲೇ ಕೂದಲು ಉದುರಿ ಕೆಂಪಾಗಿದ್ದರೆ ಕೋಳಿಮಾಂಸವನ್ನು ಬೈಯುವ ಮೊದಲು ಗೋಣಿಚೀಲವನ್ನು ಅನುಮಾನಿಸಿ.

ಇದರಿಂದ ಮಾಡಬೇಕಾದ ಕೆಲಸವೂ ಸ್ಪಷ್ಟವಾಗುತ್ತದೆ. ನಾಯಿಯ ಮೈಗೆ ಒಮ್ಮೆ ಔಷಧಿ ಹಾಕಿ ಸುಮ್ಮನಾದರೆ ಶೇಕಡ 95ರಷ್ಟನ್ನು ಹಾಗೇ ಬಿಟ್ಟಂತೆ. ಕನಿಷ್ಠ ಮೂರು ತಿಂಗಳು ಬಿಡದೆ ಚಿಕಿತ್ಸೆ ನಡೆಯಬೇಕು. ಮನೆಯ ಬೆಕ್ಕು, ಹಟ್ಟಿ ಕಾಯುವ ನಾಯಿ, ಎಲ್ಲಕ್ಕೂ ಒಟ್ಟಿಗೆ ನಡೆಯಬೇಕು. ಲೋಕದಲ್ಲೆಲ್ಲ ನಾಯಿಯ ಮೇಲೆ ಹೆಚ್ಚಾಗಿ ಸಿಗುವುದು ಬೆಕ್ಕಿನ ಚಿಗಟವೇ. ಗೋಣಿಯನ್ನು ಎಸೆದು, ಒಗೆಯಲು ಬರುವ ಹತ್ತಿಬಟ್ಟೆ ಹಾಸಿ, ವಾರಕ್ಕೊಮ್ಮೆ ಬಚ್ಚಲ ಹಂಡೆಯ ಕುದಿನೀರಿನಲ್ಲಿ ಅದ್ದಿ ತೆಗೆಯಿರಿ. ಬಿಸಿಲಿಲ್ಲದ ಜುಲೈಯಲ್ಲಿ ಬಟ್ಟೆಯನ್ನು ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸುವುದು ಇಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಔಷಧಿಯಲ್ಲಿ ಈಚಿನ ವರ್ಷಗಳಲ್ಲಿ ದೊಡ್ಡ ಬದಲಾವಣೆಯಾಗಿದೆ. ಅಫಾಕ್ಸೊಲನರ್, ಫ್ಲುರಲನರ್, ಸಾರೊಲನರ್ ಎಂಬ ಗುಂಪಿನ ಮಾತ್ರೆಗಳು, ಅಂಗಡಿಯ ಹೆಸರಿನಲ್ಲಿ ನೆಕ್ಸ್‌ಗಾರ್ಡ್, ಬ್ರವೆಕ್ಟೊ, ಸಿಂಪರಿಕಾ, ಚಿಗಟ ಮತ್ತು ಉಣ್ಣಿ ಎರಡನ್ನೂ ಕೊಲ್ಲುತ್ತವೆ. ಮೊದಲ ಮತ್ತು ಮೂರನೆಯದನ್ನು ತಿಂಗಳಿಗೊಮ್ಮೆ, ನಡುವಿನದನ್ನು ಸುಮಾರು ಹನ್ನೆರಡು ವಾರಕ್ಕೊಮ್ಮೆ ಕೊಡುತ್ತಾರೆ. ಇವು ತೂಕಕ್ಕೆ ತಕ್ಕ ಪೊಟ್ಟಣದಲ್ಲಿ ಬರುತ್ತವೆ. ದೊಡ್ಡ ನಾಯಿಯ ಮಾತ್ರೆಯನ್ನು ಕತ್ತರಿಸಿ ಸಣ್ಣದಕ್ಕೆ ಹಂಚುವ ಉಳಿತಾಯ ಬೇಡ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಲ್ಲಿ ನಡುಕ, ಸೆಳವು ಕಾಣಬಹುದೆಂದು ಎಚ್ಚರಿಸಿತ್ತು. ನಿಮ್ಮ ನಾಯಿಗೆ ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಲೇಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ದನದ ಉಣ್ಣಿಗೆ ತಂದ ಡೆಲ್ಟಾಮೆಥ್ರಿನ್ ಬಾಟಲಿ ಹಟ್ಟಿಯ ಮಾಡಿನಲ್ಲೇ ಇದೆ, ಐವರ್‌ಮೆಕ್ಟಿನ್ ಸೂಜಿ ಅಗ್ಗಕ್ಕೆ ಸಿಗುತ್ತದೆ, ನಾಯಿಗೆಂದೇ ದುಬಾರಿ ಮಾತ್ರೆ ಯಾಕೆ? ಪ್ರಶ್ನೆ ನ್ಯಾಯವಾದದ್ದೇ, ಹಳ್ಳಿಯಲ್ಲಿ ಅನೇಕ ನಾಯಿಗಳು ಈ ಬಾಟಲಿಯಿಂದಲೇ ಉಣ್ಣಿ ಕಳೆದುಕೊಂಡಿವೆ. ಆದರೆ ಆ ಎರಡೂ ಔಷಧಿಗಳ ಅಳತೆ ನೂರಾರು ಕಿಲೋದ ದನಕ್ಕೆ ಲೆಕ್ಕ ಹಾಕಿದ್ದು. ಮೂರು ಕಿಲೋ ನಾಯಿಗೆ ಒಂದು ಮುಚ್ಚಳದ ವ್ಯತ್ಯಾಸವೂ ಹಲವು ಪಟ್ಟು ಹೆಚ್ಚಾಗುತ್ತದೆ. ಜೊಲ್ಲು, ನಡುಕ, ತೂರಾಟ ಆ ತಪ್ಪಿನ ಗುರುತು. ಬೆಕ್ಕಿರುವ ಮನೆಯಲ್ಲಿ ಡೆಲ್ಟಾಮೆಥ್ರಿನ್ ಜಾತಿಯ ದ್ರಾವಣ ಇನ್ನೂ ಅಪಾಯ, ಬೆಕ್ಕಿನ ದೇಹಕ್ಕೆ ಅದನ್ನು ಅರಗಿಸುವ ಶಕ್ತಿ ಇಲ್ಲ. ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು, ಕರ್ಪೂರ ಕಲಸಿದ ಎಣ್ಣೆ, ಫಿನಾಯಿಲ್ ಇವುಗಳ ಬಗ್ಗೆ ವಾದವೇ ಬೇಡ, ಇವು ವಿಷ. ಬೇವಿನೆಣ್ಣೆ ಹುಳವನ್ನು ಸ್ವಲ್ಪ ದೂರ ಇಡಬಹುದು, ಆದರೆ ಅಲರ್ಜಿ ಇರುವ ನಾಯಿಗೆ ‘ಸ್ವಲ್ಪ’ ಎಂಬುದು ಸಾಲದು.

ಉಣ್ಣಿಯ ವಿಷಯ ಚರ್ಮಕ್ಕೆ ಮಾತ್ರ ಸೇರಿದ್ದಲ್ಲ. ಅದರಿಂದ ಎರ್ಲೀಕಿಯಾ, ಬಬೀಸಿಯಾ ಎಂಬ ರಕ್ತದ ಕಾಯಿಲೆಗಳು ಬರುತ್ತವೆ. ಜ್ವರ, ಊಟ ಬಿಡುವುದು, ಒಸಡು ಬಿಳಿಚುವುದು, ಮೂಗಿನಿಂದ ರಕ್ತ ಇದ್ದರೆ ತುರಿಕೆಯನ್ನು ಬದಿಗಿಟ್ಟು ರಕ್ತಪರೀಕ್ಷೆ ಮಾಡಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದೂ ಕಾಡಿನ ಉಣ್ಣಿಯಿಂದ, ಹೆಚ್ಚಾಗಿ ಚಳಿಗಾಲದಿಂದ ಬೇಸಿಗೆಯವರೆಗೆ. ಆ ತಿಂಗಳುಗಳಲ್ಲಿ ಹಾಡಿ ಸುತ್ತಿ ಬಂದ, ಹಟ್ಟಿಗೆ ತಂದು ಹಾಕಿದ ತರಗೆಲೆಯ ರಾಶಿಯ ಮೇಲೆ ಹೊರಳಿದ ನಾಯಿಯನ್ನು ನೇರ ಹಾಸಿಗೆಗೆ ಹತ್ತಿಸಿಕೊಳ್ಳಬಾರದು. ಕಾಡಿಗೆ ಹೋಗುವವರು ಮೈಗೆ ಹಚ್ಚಿಕೊಳ್ಳಲು ಕೊಡುವ ಉಣ್ಣಿ ತಡೆಯುವ ಎಣ್ಣೆ ಮನುಷ್ಯರಿಗಾಗಿ ಮಾಡಿದ್ದು, ಅದನ್ನು ನಾಯಿಗೆ ಹಚ್ಚಬೇಡಿ.

ಕಣ್ಣಿಗೆ ಕಾಣದ ಕಜ್ಜಿಹುಳಗಳದ್ದು ಮುಂದಿನ ಸರದಿ. ಇವುಗಳಲ್ಲಿ ಎರಡು ಬಗೆ. ಸಾರ್ಕಾಪ್ಟಿಸ್ ಎಂಬುದು ಅಂಟುಕಜ್ಜಿ; ಕಿವಿಯ ಅಂಚು, ಮೊಣಕೈ, ಹೊಟ್ಟೆಯಡಿ ಸಿಪ್ಪೆಗಟ್ಟುತ್ತದೆ, ರಾತ್ರಿಯಿಡೀ ಕೆರೆಸುತ್ತದೆ. ಕಿವಿಯ ಅಂಚನ್ನು ಬೆರಳಲ್ಲಿ ಉಜ್ಜಿದಾಗ ಹಿಂಗಾಲು ತಾನಾಗಿಯೇ ಕೆರೆಯುವಂತೆ ಆಡಿದರೆ ಇದರ ಅನುಮಾನ ಬಲವಾಗುತ್ತದೆ. ನಾಯಿಯನ್ನು ಎತ್ತಿಕೊಳ್ಳುವವರ ತೋಳಿನಲ್ಲಿ ಕೆಂಪು ಗುಳ್ಳೆ ಎದ್ದಿದ್ದರಂತೂ ಬೇರೆ ಸಾಕ್ಷಿ ಬೇಡ. ಎರಡನೆಯದು ಡೆಮೊಡೆಕ್ಸ್, ಅದು ಅಂಟುವುದಿಲ್ಲ, ಎಳೆಯ ಅಥವಾ ಶಕ್ತಿಗುಂದಿದ ನಾಯಿಯಲ್ಲಿ ಹೆಚ್ಚುತ್ತದೆ. ಕಣ್ಣಿನ ಸುತ್ತ, ಮುಂಗಾಲಲ್ಲಿ ಕೂದಲು ಉದುರಿ ಬೋಳಾಗುತ್ತದೆ, ಆರಂಭದಲ್ಲಿ ತುರಿಕೆ ಅಷ್ಟಿರುವುದಿಲ್ಲ. ಚರ್ಮವನ್ನು ಬ್ಲೇಡಿನಲ್ಲಿ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಕೆಲವೇ ನಿಮಿಷಗಳ ಕೆಲಸ. ಆ ಪರೀಕ್ಷೆ ಆಗದೆ ಸ್ಟಿರಾಯ್ಡ್ ಸೂಜಿ ಬಿದ್ದರೆ ಡೆಮೊಡೆಕ್ಸ್ ಮೈತುಂಬ ಹರಡುತ್ತದೆ, ಏಕೆಂದರೆ ಹುಳವನ್ನು ಹದ್ದುಬಸ್ತಿನಲ್ಲಿಟ್ಟಿದ್ದ ರೋಗನಿರೋಧಕ ಶಕ್ತಿಯನ್ನೇ ಆ ಔಷಧಿ ಅಡಗಿಸುತ್ತದೆ. ಸರದಿ ತಪ್ಪಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಅಂಟುಕಜ್ಜಿಯ ಹುಳ ಕೆರೆತದಲ್ಲಿ ಸಿಗದೆಯೂ ಹೋಗಬಹುದು. ಹಾಗಾಗಿ ಅನುಮಾನ ಗಟ್ಟಿಯಾಗಿದ್ದರೆ ವೈದ್ಯರು ಚಿಕಿತ್ಸೆ ಕೊಟ್ಟೇ ನೋಡುತ್ತಾರೆ. ಮೇಲೆ ಹೇಳಿದ ಮಾತ್ರೆಗಳ ಗುಂಪೇ ಈ ಎರಡೂ ಹುಳಗಳ ಮೇಲೂ ಕೆಲಸ ಮಾಡುವುದರಿಂದ ಚಿಗಟ ಮತ್ತು ಕಜ್ಜಿ, ಎರಡು ಮೆಟ್ಟಿಲನ್ನು ಒಂದೇ ಖರ್ಚಿನಲ್ಲಿ ದಾಟಲು ಸಾಧ್ಯ.

ಮೂರನೆಯದು ನಮ್ಮ ಮಳೆಗಾಲಕ್ಕೇ ಸೇರಿದ ಬಾಧೆ. ಮಲಸೇಜಿಯಾ ಎಂಬ ಯೀಸ್ಟ್, ಸ್ಟೆಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಆರೋಗ್ಯವಂತ ನಾಯಿಯ ಚರ್ಮದಲ್ಲೂ ಇರುತ್ತವೆ. ಚರ್ಮ ದಿನಗಟ್ಟಲೆ ತೇವವಾಗಿದ್ದರೆ, ಕೆರೆದು ಗಾಯವಾದರೆ ಅವು ಮಿತಿಮೀರಿ ಬೆಳೆಯುತ್ತವೆ. ಯೀಸ್ಟ್ ಬಂದರೆ ಜಿಡ್ಡು, ಹಳಸಿದ ವಾಸನೆ, ಕಂಕುಳು ಮತ್ತು ಕುತ್ತಿಗೆಯಡಿ ಕಪ್ಪಾಗಿ ದಪ್ಪಗಟ್ಟಿದ ಚರ್ಮ, ಬೆರಳ ಸಂದಿನ ಕಂದು ಬಣ್ಣ, ಕಿವಿಯೊಳಗೆ ಕಂದು ಮೇಣ ಕಾಣುತ್ತವೆ. ಬ್ಯಾಕ್ಟೀರಿಯಾ ಬಂದರೆ ಕೀವುಗುಳ್ಳೆ, ದುಂಡಗಿನ ಹಕ್ಕಳೆ. ಅಂಟುಟೇಪನ್ನು ಚರ್ಮಕ್ಕೆ ಒತ್ತಿ ತೆಗೆದು ಬಣ್ಣ ಹಾಕಿ ನೋಡಿದರೆ ಎರಡೂ ಕಾಣುತ್ತವೆ. ಈ ಸೋಂಕುಗಳೇ ಅಷ್ಟು ತುರಿಸುವುದರಿಂದ ಇವುಗಳನ್ನು ವಾಸಿ ಮಾಡದೆ ಒಳಗಿನ ಅಲರ್ಜಿ ಎಷ್ಟೆಂದು ಅಳೆಯಲು ಬರುವುದೇ ಇಲ್ಲ. ಇಲ್ಲಿ ಶಾಂಪೂವೇ ಔಷಧಿ: ಕ್ಲೋರ್‌ಹೆಕ್ಸಿಡಿನ್, ಅದರ ಜೊತೆ ಮೈಕೊನಜೋಲ್ ಅಥವಾ ಕೀಟೊಕೊನಜೋಲ್ ಇರುವ ನಾಯಿಯ ಶಾಂಪೂವನ್ನು ವಾರಕ್ಕೆ ಎರಡು ಸಲ, ನೊರೆ ಹತ್ತು ನಿಮಿಷ ಮೈಮೇಲೇ ಇರುವಂತೆ ಬಿಟ್ಟು ತೊಳೆಯಬೇಕು. ಹೆಚ್ಚಿನವರು ಎರಡು ನಿಮಿಷಕ್ಕೇ ನೀರು ಹುಯ್ಯುತ್ತಾರೆ, ಆಮೇಲೆ ಶಾಂಪೂ ಕೆಲಸ ಮಾಡಲಿಲ್ಲ ಎನ್ನುತ್ತಾರೆ. ಅದಕ್ಕಿಂತ ದೊಡ್ಡ ತಪ್ಪು ಒಣಗಿಸದೆ ಬಿಡುವುದು. ಪಮೇರಿಯನ್‌ನ ಮೇಲುಕೂದಲು ಒಣಗಿದಂತೆ ಕಂಡರೂ ಒಳತುಪ್ಪಳ ಗಂಟೆಗಟ್ಟಲೆ ಒದ್ದೆ ಇರುತ್ತದೆ. ಟವೆಲಿನಿಂದ ಒತ್ತಿ, ತಣ್ಣನೆಯ ಗಾಳಿಯಲ್ಲಿ ಅಥವಾ ಫ್ಯಾನಿನ ಕೆಳಗೆ ಬುಡದವರೆಗೆ ಬಾಚಿ ಒಣಗಿಸಿ. ಹೊರಗೆ ಹೋಗಿ ಬಂದಾಗಲೆಲ್ಲ ಪಾದ ತೊಳೆದು ಬೆರಳ ಸಂದು ಒರೆಸುವುದು ಅರ್ಧ ಚಿಕಿತ್ಸೆ. ‘ತೆಂಗಿನೆಣ್ಣೆಯಿಂದ ಏನು ಕೇಡು, ಮಗುವಿಗೂ ಹಚ್ಚುತ್ತೇವಲ್ಲ’ ಎಂಬ ವಾದಕ್ಕೆ ಉತ್ತರವೂ ಇಲ್ಲೇ ಇದೆ. ಒಣಗಿ ಬಿರಿದ ಮೂಗಿಗೆ, ಪಾದದಡಿಗೆ ಅದು ಒಳ್ಳೆಯದು. ಆದರೆ ಯೀಸ್ಟ್ ಬದುಕುವುದೇ ಚರ್ಮದ ಜಿಡ್ಡಿನಿಂದ, ಜಿಡ್ಡುಗಟ್ಟಿ ನಾರುವ ಮೈಗೆ ಇನ್ನಷ್ಟು ಎಣ್ಣೆ ಸುರಿದರೆ ಅದಕ್ಕೇ ಊಟ ಬಡಿಸಿದಂತೆ. ಮನುಷ್ಯರ ಮುಲಾಮುಗಳ ಕತೆ ಬೇರೆ. ಸ್ಟಿರಾಯ್ಡ್, ಆಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಟ್ಯೂಬುಗಳನ್ನು ನಾಯಿಗೆ ಹಚ್ಚಿದರೆ ಅರ್ಧ ಹೊಟ್ಟೆಗೆ ಹೋಗುತ್ತದೆ, ಉಳಿದರ್ಧ ಕಾಯಿಲೆಯ ಗುರುತನ್ನು ಅಳಿಸುತ್ತದೆ.

ಪರಾವಲಂಬಿ ಮತ್ತು ಸೋಂಕು ಎರಡೂ ಇಲ್ಲವೆಂದಾದರೆ ಸುತ್ತಲಿನ ನೆಲವನ್ನು ನೋಡಬೇಕು. ಅಡಿಕೆಯ ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುನ್ನ ಒಮ್ಮೆ, ಸುಮಾರು ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಯುತ್ತಾರೆ. ಅದು ತೊಟ್ಟಿಕ್ಕಿದ ಹುಲ್ಲಿನಲ್ಲಿ ಓಡಾಡಿದ ಗಿಡ್ಡ ನಾಯಿಯ ಹೊಟ್ಟೆ, ಪಾದ ಕೆಂಪೇರಬಹುದು. ಅದು ಪಾದ ನೆಕ್ಕಿದರೆ ತಾಮ್ರ ಹೊಟ್ಟೆಗೂ ಹೋಗುತ್ತದೆ. ಗೇರುಬೀಜದ ಸಿಪ್ಪೆಯ ಸೊನೆ ಚರ್ಮ ಸುಡುತ್ತದೆಂದು ಬೀಜ ಸುಲಿದ ಕೈಗಳಿಗೆಲ್ಲ ಗೊತ್ತು, ಅದು ನಾಯಿಯ ಮೂತಿಗೂ ಅಷ್ಟೇ. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಮ್ಲ, ಮಳೆಗಾಲದ ಕಂಬಳಿಹುಳ, ಬೇಲಿಯ ನಸುಗುನ್ನಿ ಕಾಯಿಯ ರೋಮ, ನೆಲ ಒರೆಸುವ ಫಿನಾಯಿಲ್ ಎಲ್ಲವೂ ಇದೇ ಸಾಲಿನವು. ಕೂದಲಿಲ್ಲದ ಕಡೆ, ಅಂದರೆ ಹೊಟ್ಟೆ, ತೊಡೆಸಂದು, ಬೆರಳ ನಡುವೆ, ದಿಢೀರನೆ ಕೆಂಪಾದರೆ ಇವುಗಳನ್ನು ನೆನೆಸಿಕೊಳ್ಳಿ. ಬರೀ ತಣ್ಣೀರಿನಲ್ಲಿ ಧಾರಾಳವಾಗಿ ತೊಳೆಯುವುದೇ ಮೊದಲ ಉಪಚಾರ. ಸೊನೆಯಂಥ ಎಣ್ಣೆಜಿಡ್ಡಾದರೆ ನಾಯಿಯ ಶಾಂಪೂ ಹಾಕಿ ತೊಳೆಯಬೇಕು.

ಆಹಾರದ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ. ಆಹಾರದ ಅಲರ್ಜಿ ಇಲ್ಲವೆಂದಲ್ಲ. ಅದನ್ನು ಅಂದಾಜಿನಿಂದ ಹಿಡಿಯಲು ಬರುವುದಿಲ್ಲ ಎಂಬುದಷ್ಟೇ ಮಾತು. ಪ್ರಕಟವಾದ ಪ್ರಕರಣಗಳನ್ನೆಲ್ಲ ಒಟ್ಟುಮಾಡಿ 2016ರಲ್ಲಿ ಬಂದ ಒಂದು ಪರಿಶೀಲನೆಯಲ್ಲಿ ನಾಯಿಗಳಲ್ಲಿ ಹೆಚ್ಚು ಕಂಡದ್ದು ದನದ ಮಾಂಸ, ನಂತರ ಹಾಲಿನ ಪದಾರ್ಥ, ಕೋಳಿ, ಗೋಧಿ. ಅವು ಪಾಶ್ಚಾತ್ಯ ನಾಯಿಗಳ ಊಟದ ಪ್ರತಿಬಿಂಬ. ನಾಯಿಗೆ ಅಲರ್ಜಿಯಾಗುವುದು ಅದು ಮತ್ತೆ ಮತ್ತೆ ತಿಂದ ಪ್ರೋಟೀನಿಗೆ. ಹಾಗಾಗಿ ನಮ್ಮಲ್ಲಿ ಕೋಳಿಯ ಜೊತೆಗೆ ಹಾಲು, ಮೊಸರು, ಮೊಟ್ಟೆ, ಗೋಧಿ ಬಿಸ್ಕತ್ತುಗಳೂ ಅನುಮಾನದಲ್ಲಿರಬೇಕು. ಕೋಳಿ ಬಿಡಿಸಿ ಮೊಸರನ್ನ ಮುಂದುವರಿಸುವುದು ಪರೀಕ್ಷೆಯಲ್ಲ. ಸರಿಯಾದ ಪರೀಕ್ಷೆ ಹೀಗಿದೆ: ನಾಯಿ ಇದುವರೆಗೆ ತಿಂದೇ ಇರದ ಒಂದು ಪ್ರೋಟೀನ್ ಮತ್ತು ಒಂದು ಪಿಷ್ಟ, ಇಲ್ಲವೇ ಪ್ರೋಟೀನನ್ನು ಚಿಕ್ಕ ತುಣುಕಾಗಿ ಒಡೆದು ಮಾಡಿದ ಹೈಡ್ರೊಲೈಸ್ಡ್ ಆಹಾರ, ಇದರ ಹೊರತು ಎಂಟು ವಾರ ಬೇರೇನೂ ಇಲ್ಲ. 2015ರ ಒಂದು ಪರಿಶೀಲನೆಯ ಪ್ರಕಾರ ಎಂಟು ವಾರ ಕಾದರೆ ಆಹಾರದ ಅಲರ್ಜಿ ಇರುವ ನಾಯಿಗಳಲ್ಲಿ ಶೇಕಡ 90ಕ್ಕಿಂತ ಹೆಚ್ಚನ್ನು ಗುರುತಿಸಬಹುದು. ಮೀನಿನ ಊರಿನಲ್ಲಿ ಬೂತಾಯಿ, ಬಂಗುಡೆಯನ್ನು ‘ಹೊಸ ಪ್ರೋಟೀನ್’ ಎನ್ನಲು ಆಗುವುದಿಲ್ಲ, ಹೆಚ್ಚಿನ ನಾಯಿಗಳು ಅದನ್ನು ಆಗಲೇ ಉಂಡಿವೆ. ಅಜ್ಜಿ ಕದ್ದು ಹಾಕುವ ರೊಟ್ಟಿಚೂರು, ಮಗುವಿನ ಕೈಯ ಬಿಸ್ಕತ್ತು, ಬೆಕ್ಕಿನ ಬಟ್ಟಲಿನ ಹಾಲು, ಮಾಂಸದ ಪರಿಮಳ ಹಾಕಿದ ಔಷಧಿ ಮಾತ್ರೆ, ಇವುಗಳಲ್ಲಿ ಒಂದು ಸೇರಿದರೂ ಲೆಕ್ಕ ಕೆಡುತ್ತದೆ. ತುರಿಕೆ ಇಳಿದ ಮೇಲೆ ಹಳೆಯ ಊಟವನ್ನು ಮತ್ತೆ ಹಾಕಿ ನೋಡಬೇಕು, ಆಗ ತುರಿಕೆ ಮರಳಿದರೆ ಮಾತ್ರ ಸಾಬೀತು. ಮಳೆಗಾಲ ಮುಗಿದು ತಾನಾಗಿ ಕಡಿಮೆಯಾದದ್ದನ್ನು ಊಟದ ಗುಣವೆಂದು ತಿಳಿಯುವ ತಪ್ಪು ನಮ್ಮ ಕಡೆ ಸುಲಭವಾಗಿ ಆಗುತ್ತದೆ. ಆಹಾರದ ಅಲರ್ಜಿ ಹೇಳುತ್ತೇವೆಂಬ ರಕ್ತ, ಎಂಜಲು, ಕೂದಲಿನ ಪರೀಕ್ಷೆಗಳಿಗೆ ಹಣ ಹಾಕಬೇಡಿ, ಅವುಗಳ ಫಲಿತಾಂಶವನ್ನು ನಂಬಲಾಗದು.

ಇದೆಲ್ಲ ದಾಟಿಯೂ ಉಳಿಯುವ ತುರಿಕೆಗೆ ಅಟೋಪಿ ಎಂದು ಹೆಸರು: ಹಾಸಿಗೆಯ ಧೂಳಿನ ನುಸಿ, ಬೂಷ್ಟು, ಪರಾಗದಂಥವುಗಳಿಗೆ ಹುಟ್ಟಿನಿಂದಲೇ ಬಂದ ಒಲವು. ಸಾವಿರಕ್ಕೂ ಹೆಚ್ಚು ನಾಯಿಗಳನ್ನು ನೋಡಿ ಫಾವ್ರೋ ಮತ್ತು ಸಂಗಡಿಗರು 2010ರಲ್ಲಿ ಕೊಟ್ಟ ಗುರುತುಗಳನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಮೂರು ವರ್ಷದೊಳಗೆ ಶುರುವಾಗುವುದು, ಹೆಚ್ಚಾಗಿ ಮನೆಯೊಳಗಿನ ಬದುಕು, ಮುಂಗಾಲಿನ ಪಾದ ಮತ್ತು ಕಿವಿಯಲ್ಲಿ ತೊಂದರೆ, ಕಿವಿಯ ಅಂಚು ಹಾಗೂ ಸೊಂಟ ಚೆನ್ನಾಗಿರುವುದು ಅವುಗಳಲ್ಲಿ ಕೆಲವು. ಕೊನೆಯ ಎರಡನ್ನು ಗಮನಿಸಿ: ಕಜ್ಜಿ ಕೂರುವ ಜಾಗ, ಚಿಗಟ ಕಚ್ಚುವ ಜಾಗ. ಪಟ್ಟಿಯೇ ಮೊದಲಿನ ಶತ್ರುಗಳನ್ನು ಹೊರಗಿಟ್ಟು ನಿಂತಿದೆ. ಅಟೋಪಿ ವಾಸಿಯಾಗುವುದಿಲ್ಲ, ಹತೋಟಿಯಲ್ಲಿಡಬಹುದು. ಸ್ಟಿರಾಯ್ಡ್‌ಗೆ ಇಲ್ಲಿ ಜಾಗವಿದೆ. ವೈದ್ಯರು ಹೇಳಿದ ಅಳತೆಯಲ್ಲಿ ಕೆಲವು ದಿನ ಪ್ರೆಡ್ನಿಸೊಲೋನ್ ಮಾತ್ರೆ ಕೊಟ್ಟು ಇಳಿಸುತ್ತ ಬರುವುದು ಒಪ್ಪಿತ ಚಿಕಿತ್ಸೆ. ಆಕ್ಷೇಪ ಇರುವುದು ವಾರಗಟ್ಟಲೆ ಮೈಯಲ್ಲಿ ಉಳಿಯುವ ಸೂಜಿಯನ್ನು ಪ್ರತಿ ತುರಿಕೆಗೂ ಹಾಕಿಸುವುದಕ್ಕೆ. ಮಾತ್ರೆಯನ್ನು ತೊಂದರೆ ಕಂಡರೆ ನಿಲ್ಲಿಸುವ ದಾರಿ ಹಿಡಿಯಬಹುದು, ಒಳಗೆ ಹೋದ ಸೂಜಿಯನ್ನು ಹಿಂತೆಗೆಯಲು ಬರುವುದಿಲ್ಲ. ಅತಿ ಬಾಯಾರಿಕೆ, ಅತಿ ಹಸಿವು, ಮನೆಯೊಳಗೇ ಮೂತ್ರ, ಜೋತ ಹೊಟ್ಟೆ, ತೆಳುವಾದ ಚರ್ಮ ಅದರ ಬೆಲೆ. ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಪಡೆದ ಆಕ್ಲಾಸಿಟಿನಿಬ್, ಅಂದರೆ ಅಪೊಕ್ವೆಲ್, ಒಂದು ದಿನದೊಳಗೇ ತುರಿಕೆ ಇಳಿಸುತ್ತದೆ. ಒಂದು ವರ್ಷದೊಳಗಿನ ನಾಯಿಗೆ ಅದನ್ನು ಕೊಡುವುದಿಲ್ಲ. ಸೆಟ್ರಿಜಿನ್ ಕೆಲವು ನಾಯಿಗಳಲ್ಲಷ್ಟೇ ಸ್ವಲ್ಪ ಕೆಲಸ ಮಾಡುತ್ತದೆ. ಅದನ್ನು ನೆಗಡಿಯ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಅಥವಾ ಮೂಗುಕಟ್ಟು ಬಿಡಿಸುವ ಔಷಧಿಯ ಜೊತೆ ಬೆರೆಸಿರುತ್ತಾರೆ, ಅಂಥದ್ದು ನಾಯಿಗೆ ಅಪಾಯ.

ಇಷ್ಟು ಹೊತ್ತು ನಿಧಾನದ ಪರ ವಾದಿಸಿದ್ದು ವಾರ-ತಿಂಗಳು ಎಳೆಯುವ ತುರಿಕೆಗೆ. ನಿಮಿಷಗಳಲ್ಲಿ ಬರುವ ಅಲರ್ಜಿಗೆ ನಿಯಮ ತಲೆಕೆಳಗು: ಕಾರಣ ಆಮೇಲೆ, ವೈದ್ಯರು ಮೊದಲು. ಜೇನುನೊಣ ಅಥವಾ ಕಣಜ ಕಚ್ಚಿದ ಮೇಲೆ, ಲಸಿಕೆ ಹಾಕಿಸಿದ ಮೇಲೆ ಮೂತಿ ಮತ್ತು ಕಣ್ಣಿನ ರೆಪ್ಪೆ ಊದುವುದು, ಮೈಮೇಲೆ ದದ್ದು ಏಳುವುದು ಉಂಟು. ಇದು ಭಯಂಕರವಾಗಿ ಕಂಡರೂ ಸಾಮಾನ್ಯವಾಗಿ ಔಷಧಿಗೆ ಬೇಗ ಇಳಿಯುತ್ತದೆ. ನಿಜವಾದ ಅಪಾಯದ ಗುರುತು ಬೇರೆ. ನಾಯಿಯಲ್ಲಿ ತೀವ್ರ ಅಲರ್ಜಿಯ ಪೆಟ್ಟು ಮೊದಲು ಬೀಳುವುದು ಹೊಟ್ಟೆ ಮತ್ತು ಯಕೃತ್ತಿನ ಮೇಲೆ. ಹಠಾತ್ತನೆ ವಾಂತಿ, ಭೇದಿ, ಒಸಡು ಬಿಳಿಚಿ ಕುಸಿದು ಬೀಳುವುದು ಕಂಡರೆ ಮುಖ ಊದದಿದ್ದರೂ ಒಂದು ನಿಮಿಷ ಕಳೆಯಬಾರದು, ಅದಕ್ಕೆ ಬೇಕಾದದ್ದು ಅಡ್ರಿನಲಿನ್ ಮತ್ತು ಸಲೈನ್. ಇಲ್ಲೂ ಸಣ್ಣ ನಾಯಿಯ ಲೆಕ್ಕ ಬೇರೆ. 2005ರಲ್ಲಿ ಪ್ರಕಟವಾದ, ಹನ್ನೆರಡು ಲಕ್ಷಕ್ಕೂ ಹೆಚ್ಚು ನಾಯಿಗಳ ಅಮೆರಿಕದ ಅಧ್ಯಯನದಲ್ಲಿ ಲಸಿಕೆಯ ನಂತರದ ತೊಂದರೆ ಹತ್ತು ಸಾವಿರಕ್ಕೆ ಸುಮಾರು 38ರಷ್ಟಿತ್ತು. ತೂಕ ಇಳಿದಂತೆ ಅಪಾಯ ಏರಿತ್ತು, ಹತ್ತು ಕಿಲೋಗಿಂತ ಕಡಿಮೆಯ ನಾಯಿಗಳಲ್ಲಿ ಒಂದೇ ದಿನ ಕೊಟ್ಟ ಪ್ರತಿ ಹೆಚ್ಚುವರಿ ಲಸಿಕೆಗೂ ಅದು ಸುಮಾರು ಶೇಕಡ 27ರಷ್ಟು ಹೆಚ್ಚಿತ್ತು. ಇದನ್ನು ಲಸಿಕೆ ಬೇಡವೆಂಬ ವಾದವಾಗಿ ಓದಬೇಡಿ. ಹುಚ್ಚುನಾಯಿ ರೋಗ ಇರುವ ದೇಶದಲ್ಲಿ ರೇಬೀಸ್ ಲಸಿಕೆ ಬಿಡುವಂತಿಲ್ಲ. ಹಿಂದೆ ಮುಖ ಊದಿದ್ದ ನಾಯಿಗೆ ಲಸಿಕೆಗಳನ್ನು ಬೇರೆ ಬೇರೆ ದಿನ ಕೊಡಲು ಕೇಳಿ, ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಘಾಟಿಯ ಬುಡದವರಿಗೆ ಇನ್ನೊಂದು ಎಚ್ಚರಿಕೆ: ಮುಖದ ಒಂದೇ ಬದಿ ಊದಿ, ಮುಟ್ಟಿದರೆ ನೋವಿನಿಂದ ಕಿರುಚುತ್ತಿದ್ದರೆ, ರಕ್ತ ಒಸರುತ್ತಿದ್ದರೆ ಅದನ್ನು ಅಲರ್ಜಿ ಎನ್ನಬೇಡಿ. ಕೊಳಕುಮಂಡಲದ ಜಾತಿಯ ಹಾವಿನ ಕಡಿತವೂ ಹೀಗೆಯೇ ಕಾಣುತ್ತದೆ.

ಉಳಿದದ್ದು ಖರ್ಚಿನ ಆಕ್ಷೇಪ. ಊರನಾಯಿಗೆ ಇದ್ಯಾವುದೂ ಬೇಕಾಗಿಲ್ಲ, ಅದು ಚೆನ್ನಾಗಿಯೇ ಇದೆ ಎನ್ನುವವರು ಬೀದಿಯಲ್ಲಿ ಕಜ್ಜಿ ಹಿಡಿದು ಬೋಳಾದ ನಾಯಿಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮೊದಲ ಮೂರು ಮೆಟ್ಟಿಲಿನ ಪರೀಕ್ಷೆಗಳಿಗೆ, ಅಂದರೆ ಬಾಚಣಿಗೆ, ಚರ್ಮದ ಕೆರೆತ, ಅಂಟುಟೇಪು, ದೊಡ್ಡ ಯಂತ್ರವೇನೂ ಬೇಡ, ಒಂದು ಸೂಕ್ಷ್ಮದರ್ಶಕ ಸಾಕು. ಅಲ್ಲಿಗೂ ಬಗೆಹರಿಯದ್ದಕ್ಕೆ ಘಾಟಿ ಹತ್ತಿದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ವೈದ್ಯರ ಬಳಿ ಹೋಗುವಾಗ ಹಿಂದಿನ ದಿನ ಸ್ನಾನ ಮಾಡಿಸಬೇಡಿ, ಗುರುತುಗಳು ತೊಳೆದುಹೋಗುತ್ತವೆ. ತುರಿಕೆ ಯಾವ ತಿಂಗಳು ಶುರುವಾಯಿತು, ಮೈಯ ಯಾವ ಭಾಗದಿಂದ, ಕೂದಲು ಉದುರಿದ್ದು ಮೊದಲೋ ಕೆರೆದದ್ದು ಮೊದಲೋ, ಇದುವರೆಗೆ ಯಾವ ಸೂಜಿ-ಮಾತ್ರೆ-ಎಣ್ಣೆ ಆಗಿದೆ ಎಂಬುದನ್ನು ಬರೆದುಕೊಂಡು, ಔಷಧಿಯ ಪೊಟ್ಟಣಗಳನ್ನು ಜೊತೆಗೇ ಒಯ್ಯಿರಿ. ಸೂಜಿ ಎಂದರೆ ಯಾವುದು, ಎಷ್ಟು ದಿನ ಮೈಯಲ್ಲಿರುತ್ತದೆ, ಚರ್ಮ ಕೆರೆದು ನೋಡಿದ್ದಾಗಿದೆಯೇ ಎಂದು ಕೇಳಲು ಸಂಕೋಚ ಬೇಡ. ಮುಂದಿನ ಮಳೆಗಾಲಕ್ಕೆ ಮೇ ತಿಂಗಳಲ್ಲೇ ನಾಯಿಯನ್ನು ತೂಗಿಸಿ, ಮನೆಯ ಎಲ್ಲ ಪ್ರಾಣಿಗಳಿಗೂ ಆಯಾ ಪ್ರಾಣಿಗೆ, ಅದರ ತೂಕಕ್ಕೆ ತಕ್ಕ ಚಿಗಟದ ಔಷಧಿಯನ್ನು ಒಟ್ಟಿಗೆ ಶುರುಮಾಡಿ.